ಅಳಿಸುವ ಹಾಡು, ಸಂತೈಸುವ ಹಾಡು

(ಸೆಪ್ಟೆಂಬರ್ 15: ವ್ಯಾಕುಲಮಾತೆಯ ಹಬ್ಬದ ಚಿಂತನೆ)



ಸೆಪ್ಟೆಂಬರ್ 14ರಂದು ನಾವು ಪವಿತ್ರ ಶಿಲುಬೆಯ ವಿಜಯೋತ್ಸವವನ್ನು ಆಚರಿಸುತ್ತೇವೆ. ಅದರ ಮರುದಿನವೇ ವ್ಯಾಕುಲಮಾತೆಯ ಹಬ್ಬ. ಶಿಲುಬೆಯನ್ನು ಕೊಂಡಾಡಿದ ಬೆನ್ನಿಗೇ, ಆ ಶಿಲುಬೆಯ ಬುಡದಲ್ಲಿ ನಿಂತಿದ್ದ ತಾಯಿಯನ್ನು ಧರ್ಮಸಭೆ ನೆನೆಯುತ್ತದೆ. ಆ ದಿನದ ಪೂಜೆಯಲ್ಲಿ ಹಾಡಲೆಂದೇ ಒಂದು ಹಾಡಿದೆ. ಅದು ಅಳುವಿನ ಹಾಡು. ಕೇಳುವವರ ಕಣ್ಣಿನಲ್ಲಿ ನೀರು ತರಿಸುವ ಹಾಡು.

ಹಬ್ಬದ ದಿನ ಅಳುವ ಹಾಡೇಕೆ? ಮನಸ್ಸಿಗೆ ನೋವು ತರುವ ಹಾಡನ್ನು ಮನುಷ್ಯರು ಹುಡುಕಿಕೊಂಡು ಹೋಗಿ ಕೇಳುವುದೇಕೆ? ಹಾಗೆ ಅತ್ತ ಮೇಲೆ ಎದೆ ಹಗುರವಾಯಿತು ಎನ್ನುವುದೇಕೆ? ಈ ಪ್ರಶ್ನೆಗಳು ನನಗೆ ಪುಸ್ತಕದಿಂದ ಬಂದವಲ್ಲ, ನಾನು ಮಾಡಿದ ಒಂದು ತಪ್ಪಿನಿಂದ ಬಂದವು.

ನಾನು ಗುರುವಾದ ಹೊಸತು. ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಿಧವೆಯೊಬ್ಬರ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯ ಪೂಜೆಗೆ ಗಾನವೃಂದದವರು ಒಂದು ಶೋಕಗೀತೆಯನ್ನು ಸಿದ್ಧಪಡಿಸಿಕೊಂಡಿದ್ದರು. ನಾನು ಬೇಡವೆಂದೆ. "ಆ ತಾಯಿ ತಡೆದುಕೊಳ್ಳಲಾರರು. ಪುನರುತ್ಥಾನದ ಹಾಡುಗಳನ್ನೇ ಹಾಡಿ" ಎಂದು ಹೇಳಿದೆ. ಹಾಗೆಯೇ ಆಯಿತು. ಆ ತಾಯಿ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಎಲ್ಲರೂ "ಎಂಥ ವಿಶ್ವಾಸ, ಎಂಥ ಧೈರ್ಯ" ಎಂದು ಮೆಚ್ಚಿಕೊಂಡರು. ನನಗೂ ಒಳಗೊಳಗೇ ತೃಪ್ತಿಯಾಯಿತು.

ಮೂರು ತಿಂಗಳ ನಂತರ ಆ ತಾಯಿ ಗುರುನಿವಾಸಕ್ಕೆ ಬಂದರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, "ಸ್ವಾಮಿ, ಅವತ್ತು ನೀವೆಲ್ಲ ಅಲ್ಲೆಲೂಯ ಹಾಡ್ತಾ ಇದ್ರಿ. ನನ್ನ ಮಗ ಸತ್ತಿರೋದು ಇವರ್‍ಯಾರಿಗೂ ಗೊತ್ತೇ ಇಲ್ಲವೇನೋ ಅನ್ನಿಸ್ತು. ನನಗೆ ಇವತ್ತಿನವರೆಗೂ ಅಳು ಬಂದಿಲ್ಲ ಸ್ವಾಮಿ. ಎದೆ ಕಲ್ಲಾಗಿ ಕೂತಿದೆ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ನಾನು ಅಳಿಸುವ ಹಾಡುಗಳ ಬಗ್ಗೆ ಯೋಚಿಸುತ್ತಾ ಬಂದಿದ್ದೇನೆ. ಹಾಗೆ ತಿಳಿದುಕೊಂಡದ್ದರಲ್ಲಿ ಕೆಲವನ್ನು ಈ ಹಬ್ಬದ ಸಂದರ್ಭದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

1. ಪೇಟೆಬೀದಿಯ ಮಕ್ಕಳ ದೂರು

ಪ್ರಭು ಯೇಸು ತಮ್ಮ ಕಾಲದ ಜನರನ್ನು ಪೇಟೆಬೀದಿಯಲ್ಲಿ ಆಡುವ ಮಕ್ಕಳಿಗೆ ಹೋಲಿಸುತ್ತಾರೆ (ಮತ್ತಾಯ 11:16-17). ಆ ಮಕ್ಕಳ ದೂರಿನಲ್ಲಿ ಎರಡು ಭಾಗಗಳಿವೆ. ಕೊಳಲೂದಿದರೂ ಜೊತೆಗಾರರು ಕುಣಿಯಲಿಲ್ಲ ಎಂಬುದು ಒಂದು. ಶೋಕಗೀತೆ ಹಾಡಿದರೂ ಅಳಲಿಲ್ಲ ಎಂಬುದು ಇನ್ನೊಂದು. ನಾವು ಸಾಮಾನ್ಯವಾಗಿ ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತೇವೆ. ಶೋಕದ ಹಾಡಿಗೆ ಕರಗದ ಹೃದಯವೂ ದೇವರ ಕರೆಗೆ ಕಿವುಡಾದ ಹೃದಯವೇ ಎಂಬುದು ಆ ಹೋಲಿಕೆಯ ಒಳದನಿ.

ಸ್ವತಃ ಯೇಸುವೇ ಅತ್ತವರು. ಗೆಳೆಯ ಲಾಜರನ ಸಮಾಧಿಯ ಬಳಿ ಮರಿಯಳೂ ಅವಳೊಂದಿಗೆ ಬಂದವರೂ ಅಳುತ್ತಿರುವುದನ್ನು ಕಂಡು ಅವರ ಮನ ಕಲಕಿತು, ಅವರೂ ಕಣ್ಣೀರಿಟ್ಟರು (ಯೊವಾನ್ನ 11:33-35). ಇನ್ನು ಕೆಲವೇ ನಿಮಿಷಗಳಲ್ಲಿ ಲಾಜರ ಎದ್ದು ಬರುವನೆಂದು ಅವರಿಗೆ ತಿಳಿದಿತ್ತು. ಆದರೂ ಅತ್ತರು. ಪುನರುತ್ಥಾನದ ಅರಿವು ಅವರ ಕಣ್ಣೀರನ್ನು ತಡೆಯಲಿಲ್ಲ. ನಾನು ಆ ಅಂತ್ಯಕ್ರಿಯೆಯ ದಿನ ಮರೆತದ್ದು ಇದನ್ನೇ.

ಪವಿತ್ರ ಗ್ರಂಥವನ್ನು ತೆರೆದರೆ ಅಳುವ ಹಾಡುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಸೌಲನೂ ಯೋನಾತಾನನೂ ಯುದ್ಧದಲ್ಲಿ ಮಡಿದಾಗ ದಾವೀದ ಶೋಕಗೀತೆಯೊಂದನ್ನು ಕಟ್ಟುತ್ತಾನೆ. ಅಷ್ಟೇ ಅಲ್ಲ, ಅದನ್ನು ಯೂದದ ಜನರಿಗೆ ಕಲಿಸಬೇಕೆಂದು ಅಪ್ಪಣೆ ಕೊಡುತ್ತಾನೆ (2 ಸಮುವೇಲ 1:17-18). ಶೋಕವನ್ನೂ ಕಲಿಸಬೇಕಾಗುತ್ತದೆ ಎಂಬುದನ್ನು ಆ ಅರಸ ಅರಿತಿದ್ದ. ಕೀರ್ತನೆಗಳಲ್ಲಿ ದೊಡ್ಡ ಪಾಲು ಮೊರೆಯ ಹಾಡುಗಳೇ. ಶಿಲುಬೆಯ ಮೇಲೆ ಪ್ರಭುವಿನ ಬಾಯಿಂದ ಬಂದದ್ದೂ ಅಂಥದ್ದೇ ಒಂದು ಕೀರ್ತನೆಯ, 22ನೆಯದರ, ಮೊದಲ ಮಾತು.

ಇನ್ನು ಪ್ರಲಾಪಗಳ ಗ್ರಂಥವಂತೂ ಪೂರ್ತಿಯಾಗಿ ಅಳುವಿನ ಪುಸ್ತಕ. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟು ಹಾಳುಗೆಡವಿದ ಮೇಲೆ ಹುಟ್ಟಿದ ಐದು ಹಾಡುಗಳು ಅವು. ಅವುಗಳಲ್ಲೊಂದು ವಿಶೇಷವಿದೆ. ಹಿಬ್ರೂ ವರ್ಣಮಾಲೆಯಲ್ಲಿ 22 ಅಕ್ಷರಗಳು. ಮೊದಲ ನಾಲ್ಕು ಹಾಡುಗಳು ಆ ಅಕ್ಷರಗಳನ್ನು ಒಂದೊಂದಾಗಿ ಹಿಡಿದು ನಡೆಯುತ್ತವೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೂ ಮೂರು ಪದ್ಯಗಳಂತೆ 66 ಪದ್ಯಗಳಿವೆ. ಊರು ಸುಟ್ಟುಹೋಗಿ, ಮಕ್ಕಳು ಹಸಿವಿನಿಂದ ಸಾಯುತ್ತಿರುವಾಗ ಹೀಗೆ ಅಕ್ಷರ ಎಣಿಸಿ ಹಾಡು ಕಟ್ಟುವುದೇಕೆ? ದುಃಖಕ್ಕೆ ದಡವಿಲ್ಲ. ಹಾಡು ಅದಕ್ಕೊಂದು ದಡ ಕಟ್ಟಿಕೊಡುತ್ತದೆ. ಮೊದಲ ಅಕ್ಷರದಿಂದ ಹೊರಟ ಅಳು ಕೊನೆಯ ಅಕ್ಷರಕ್ಕೆ ಬಂದು ನಿಲ್ಲುತ್ತದೆ. ಎಲ್ಲವನ್ನೂ ಹೇಳಿದೆವು ಎಂಬ ಸಮಾಧಾನವೂ, ಇಲ್ಲಿಗೆ ಮುಗಿಯಿತು ಎಂಬ ಮಿತಿಯೂ ಅದರಿಂದ ದೊರೆಯುತ್ತವೆ.

2. ನಮ್ಮ ನೆಲದ ಕಣ್ಣೀರಿನ ಹಾಡುಗಳು

ಇದನ್ನು ತಿಳಿಯಲು ನಾವು ಪ್ರಾಚೀನ ಇಸ್ರಯೇಲಿಗೇ ಹೋಗಬೇಕಾಗಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಲ್ಲಿ ಪುಣ್ಯಕೋಟಿಯ ಹಾಡಿಗೆ ಅಳದವರು ಯಾರಿದ್ದಾರೆ? ಹುಲಿಗೆ ಮಾತು ಕೊಟ್ಟು ಬಂದ ಹಸು ಕರುವಿಗೆ ಕೊನೆಯ ಬಾರಿ ಹಾಲೂಡಿಸುತ್ತದೆ. ತನ್ನ ನಂತರ ಈ ತಬ್ಬಲಿಯನ್ನು ನೋಡಿಕೊಳ್ಳಿರೆಂದು ಮಂದೆಯ ಇತರ ಹಸುಗಳನ್ನು ಬೇಡುತ್ತದೆ. ಹುಲಿಯ ಭಯಕ್ಕಿಂತ ಈ ಬೀಳ್ಕೊಡುಗೆಯೇ ಮಕ್ಕಳನ್ನು ಅಳಿಸುವುದು. ಶಿಲುಬೆಯ ಮೇಲಿನಿಂದ ಪ್ರಭು ತಮ್ಮ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದ ಪ್ರಸಂಗವನ್ನು (ಯೊವಾನ್ನ 19:26-27) ಓದುವಾಗಲೆಲ್ಲ ನನಗೆ ಬಾಲ್ಯದ ಆ ತರಗತಿಯ ನೆನಪಾಗುತ್ತದೆ.

'ಕೆರೆಗೆ ಹಾರ' ಎಂಬ ಜಾನಪದ ಕಥನಗೀತೆಯನ್ನು ನೀವು ಬಲ್ಲಿರಿ. ಕೆರೆಯಲ್ಲಿ ನೀರು ಬರಲೆಂದು ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡುವ ಕಥೆ ಅದು. ತಲೆತಲಾಂತರದಿಂದ ಅದನ್ನು ಹಾಡಿಕೊಂಡು ಬಂದವರು ಸೊಸೆಯಂದಿರಾಗಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳು. ಹಾಗೆಯೇ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ಹಾಡು. ಅಲ್ಲಿಯವರೆಗೆ ನಗುನಗುತ್ತಾ ಓಡಾಡುತ್ತಿದ್ದ ತಂದೆ ಆ ಹಾಡು ಶುರುವಾದೊಡನೆ ಕಂಬದ ಮರೆಗೆ ಹೋಗುತ್ತಾರೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನವನ್ನು ನೋಡಿದರೆ, ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ಹಂಬಲ, ಬಂಜೆತನದ ನೋವು, ಒಡಹುಟ್ಟಿದವರ ಅಗಲಿಕೆಗಳನ್ನೆಲ್ಲ ಹಾಡಾಗಿಸಿದ್ದು ಕಾಣುತ್ತದೆ. ಯಾರ ಮುಂದೆಯೂ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಹಾಡಬಹುದಿತ್ತು.

ನಮ್ಮ ದೇಶದ ಹಿರಿಯರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಭರತನ ನಾಟ್ಯಶಾಸ್ತ್ರ ಕರುಣವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸುತ್ತದೆ. ಶೋಕ ಎಂಬುದು ಬದುಕಿನ ಭಾವ. ಅದು ಹಾಡಿನಲ್ಲಿ, ನಾಟಕದಲ್ಲಿ ಪಾಕಗೊಂಡಾಗ ಕರುಣ ರಸವಾಗುತ್ತದೆ. ನಮ್ಮ ಮನೆಯ ಸಾವು ಬರಿಯ ನೋವು. ಅದೇ ಸಾವು ಹಾಡಾದಾಗ ನೋವಿನ ಜೊತೆಗೆ ಒಂದು ಬಗೆಯ ತಂಪೂ ಇರುತ್ತದೆ.

3. ಹಾಡು ಅಳಿಸುವುದು ಹೇಗೆ?

ಇತ್ತೀಚಿನ ವರ್ಷಗಳಲ್ಲಿ ಮನಃಶಾಸ್ತ್ರಜ್ಞರೂ ಈ ವಿಷಯವನ್ನು ಕೈಗೆತ್ತಿಕೊಂಡಿದ್ದಾರೆ. ಅವರ ಅಧ್ಯಯನಗಳಿಂದ ತಿಳಿದುಬರುವ ಕೆಲವು ಸಂಗತಿಗಳನ್ನು ಸರಳವಾಗಿ ಹೇಳುತ್ತೇನೆ.

ಮೊದಲನೆಯದು, ದನಿ. ದುಃಖದಲ್ಲಿರುವವರು ಮಾತನಾಡುವುದನ್ನು ಗಮನಿಸಿ. ಮಾತು ನಿಧಾನ, ದನಿ ತಗ್ಗು, ಏರಿಳಿತ ಕಡಿಮೆ, ವಾಕ್ಯದ ಕೊನೆ ಕೆಳಗಿಳಿಯುತ್ತದೆ. ಶೋಕದ ಹಾಡುಗಳಲ್ಲಿಯೂ ಬಹುಮಟ್ಟಿಗೆ ಇದೇ ಲಕ್ಷಣಗಳಿರುತ್ತವೆ. ಅರ್ಥವಾಗದ ಭಾಷೆಯ ಹಾಡೂ ನಮ್ಮನ್ನು ಕಲಕುವುದು ಇದರಿಂದಲೇ. ಪದ ತಿಳಿಯದಿದ್ದರೂ, ನೊಂದ ಮನುಷ್ಯನೊಬ್ಬ ಮಾತನಾಡುತ್ತಿದ್ದಾನೆ ಎಂಬುದು ಕಿವಿಗೆ ತಿಳಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ಶೋಕಭಾವಕ್ಕೆ ಮುಖಾರಿ, ಶುಭಪಂತುವರಾಳಿಯಂಥ ರಾಗಗಳನ್ನು ಹೆಸರಿಸುವುದು ವಾಡಿಕೆ. ಪಶ್ಚಿಮದವರಿಗೆ ಅವರದೇ ಆದ ಸ್ವರಶ್ರೇಣಿಗಳಿವೆ. ರೂಢಿಯಿಂದ ಬಂದ ಈ ಭೇದಗಳ ಕೆಳಗೆ ಅಳುವ ದನಿಯ ಒಂದು ಸಾಮಾನ್ಯ ನೆಲೆ ಇದೆ.

ಎರಡನೆಯದು, ತಡೆದು ಇಳಿಯುವ ಸ್ವರ. ಇಂಗ್ಲೆಂಡಿನ ಜಾನ್ ಸ್ಲೊಬೊಡಾ ಎಂಬ ಮನಃಶಾಸ್ತ್ರಜ್ಞರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತದ ಯಾವ ಜಾಗದಲ್ಲಿ ನಿಮಗೆ ಕಣ್ಣೀರು ಬರುತ್ತದೆ ಎಂದು ಕೇಳುಗರನ್ನೇ ಕೇಳಿದರು. ಹಲವು ಉತ್ತರಗಳು ಒಂದು ಬಗೆಯ ಸ್ವರವಿನ್ಯಾಸವನ್ನು ತೋರಿಸಿದವು. ಸ್ವರವು ತಾನು ಸೇರಬೇಕಾದ ನೆಲೆಗೆ ನೇರವಾಗಿ ಬರದೆ, ಪಕ್ಕದ ಸ್ವರದ ಮೇಲೆ ಒರಗಿ ಕ್ಷಣಕಾಲ ತಡೆದು, ಆಮೇಲೆ ಇಳಿದು ಸೇರುತ್ತದೆ. ಈ ವಿನ್ಯಾಸಕ್ಕೆ ಇಟಲಿಯ ಭಾಷೆಯಲ್ಲಿರುವ ಹೆಸರಿನ ಅರ್ಥವೂ 'ಒರಗುವುದು' ಎಂದೇ. ಒರಗಿದಾಗ ಕೇಳುಗನ ಮನಸ್ಸು ಬಿಗಿಯುತ್ತದೆ, ಇಳಿದಾಗ ಸಡಿಲಗೊಳ್ಳುತ್ತದೆ. ಬಿಕ್ಕಿ ಉಸಿರು ಬಿಡುವವರ ಎದೆಯಲ್ಲಿ ಆಗುವುದೂ ಹಾಗೆಯೇ ಅಲ್ಲವೇ?

ಮೂರನೆಯದು, ನೆನಪು. ಜರ್ಮನಿಯ ಬರ್ಲಿನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಹಲವು ದೇಶಗಳ 772 ಮಂದಿ ಭಾಗವಹಿಸಿದ್ದರು. ದುಃಖದ ಸಂಗೀತ ಕೇಳುವಾಗ ನಿಮ್ಮಲ್ಲಿ ಏನು ಮೂಡುತ್ತದೆ ಎಂಬ ಪ್ರಶ್ನೆಗೆ ಅತಿ ಹೆಚ್ಚಾಗಿ ಬಂದ ಉತ್ತರ ದುಃಖವಲ್ಲ, ಕಳೆದುಹೋದ ದಿನಗಳ ಹಂಬಲ. ಹಾಡು ಕೇವಲ ಬಾಗಿಲು ತೆರೆಯುತ್ತದೆ. ಒಳಗಿರುವವರು ನಮ್ಮವರೇ: ತೀರಿಹೋದ ಅಪ್ಪ, ಮಾರಿದ ಮನೆ, ಬಿಟ್ಟು ಬಂದ ಊರು.

ನಾಲ್ಕನೆಯದು, ಪರರ ನೋವಿಗೆ ಮಿಡಿಯುವ ಗುಣ. ಯಾರಿಗೆ ಇತರರ ನೋವು ಬೇಗ ತಟ್ಟುತ್ತದೆಯೋ ಅಂಥವರೇ ದುಃಖದ ಸಂಗೀತಕ್ಕೆ ಹೆಚ್ಚು ಕರಗುತ್ತಾರೆ, ಅದನ್ನು ಹೆಚ್ಚು ಮೆಚ್ಚುತ್ತಾರೆ ಎಂಬುದು ಫಿನ್ಲೆಂಡ್ ಮುಂತಾದ ಕಡೆಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾಗಿ ಹಾಡು ಕೇಳಿ ಅಳುವುದು ದೌರ್ಬಲ್ಯವಲ್ಲ. ಅದು ಹೃದಯವಿದೆ ಎಂಬುದರ ಗುರುತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲರಿಗೂ ದುಃಖದ ಹಾಡು ಮದ್ದಲ್ಲ. ಒಂದೇ ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರಲ್ಲಿ ಇಂಥ ಹಾಡು ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದು ಎಂದೂ ಸಂಶೋಧಕರು ಹೇಳುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡು, ಊಟ ನಿದ್ರೆ ಬಿಟ್ಟು, ದಿನಗಟ್ಟಲೆ ಅದೇ ಹಾಡು ಕೇಳುತ್ತಾ ಕುಳಿತ ಮಗನನ್ನೋ ಮಗಳನ್ನೋ ಕಂಡರೆ "ಹಾಡು ತಾನೇ" ಎಂದು ಬಿಡಬೇಡಿ. ಹತ್ತಿರ ಕುಳಿತು ಮಾತನಾಡಿಸಿ. ಬೇಕಾದರೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಖಿನ್ನತೆ ಒಂದು ಕಾಯಿಲೆ. ಅದು ವಿಶ್ವಾಸದ ಕೊರತೆಯಲ್ಲ.

4. ಸಂತ ಅಗಸ್ಟೀನರ ಎರಡು ಬಗೆಯ ಕಣ್ಣೀರು

ವಿಜ್ಞಾನಿಗಳು ಈ ಪ್ರಶ್ನೆ ಕೇಳುವುದಕ್ಕೆ ಹದಿನಾರು ಶತಮಾನಗಳ ಹಿಂದೆಯೇ ಸಂತ ಅಗಸ್ಟೀನರು ಅದನ್ನು ಕೇಳಿದ್ದರು. ಅವರ 'ಅರಿಕೆಗಳು' ಎಂಬ ಆತ್ಮಕಥನವನ್ನು ಕಣ್ಣೀರಿನ ಪುಸ್ತಕವೆಂದೇ ಕರೆಯಬಹುದು.

ಯುವಕನಾಗಿದ್ದಾಗ ಅವರಿಗೆ ಕಾರ್ಥೇಜ್ ನಗರದ ನಾಟಕಗಳ ಹುಚ್ಚು. ವೇದಿಕೆಯ ಮೇಲಿನ ಕಟ್ಟುಕಥೆಯ ದುಃಖಕ್ಕೆ ಅತ್ತು ಸುಖಪಡುತ್ತಿದ್ದರು. ಶಾಲೆಯ ದಿನಗಳಲ್ಲಿ ಕಾವ್ಯದ ರಾಣಿ ದಿದೋಳ ಸಾವಿಗೆ ಅತ್ತಿದ್ದರು. ಮುಂದೆ ಅವರು ಅದನ್ನು ನೆನೆದು ನಾಚುತ್ತಾರೆ. ಅವಳಿಗಾಗಿ ಅತ್ತೆ, ದೇವರಿಂದ ದೂರವಾಗಿ ಸಾಯುತ್ತಿದ್ದ ನನ್ನ ಆತ್ಮಕ್ಕಾಗಿ ಅಳಲಿಲ್ಲವಲ್ಲ ಎಂದು ಮರುಗುತ್ತಾರೆ. ನಾಟಕದ ಪ್ರೇಕ್ಷಕ ಅಳುತ್ತಾನೆ, ಆದರೆ ನೊಂದವನ ನೆರವಿಗೆ ಎದ್ದು ಹೋಗುವುದಿಲ್ಲ. ಅಳುವಿನ ಸುಖವಷ್ಟೇ ಅವನಿಗೆ ಬೇಕು. ಇದು ಮೊದಲ ಬಗೆಯ ಕಣ್ಣೀರು. ಇಂದು ಧಾರಾವಾಹಿಯ ಮುಂದೆ ಅತ್ತು, ಪಕ್ಕದ ಮನೆಯ ಅಳುವಿಗೆ ಕಿಟಕಿ ಮುಚ್ಚುವ ನಮಗೆ ಈ ಮಾತು ಸರಿಯಾಗಿ ನಾಟಬೇಕು.

ಎರಡನೆಯ ಬಗೆಯ ಕಣ್ಣೀರು ಮಿಲಾನಿನದು. 386ರಲ್ಲಿ ಸಾಮ್ರಾಟನ ತಾಯಿ ಜಸ್ಟೀನಾ ದೇವಾಲಯವೊಂದನ್ನು ಆರಿಯ ಪಂಥದವರಿಗೆ ಬಿಟ್ಟುಕೊಡುವಂತೆ ಧರ್ಮಾಧ್ಯಕ್ಷ ಸಂತ ಅಂಬ್ರೋಸರನ್ನು ಒತ್ತಾಯಿಸಿದರು. ಧರ್ಮಾಧ್ಯಕ್ಷರೊಂದಿಗೆ ಸಾಯಲೂ ಸಿದ್ಧರಾಗಿ ಜನರು ದೇವಾಲಯದೊಳಗೇ ಹಗಲಿರುಳು ಕಾವಲಿದ್ದರು. ಅಗಸ್ಟೀನರ ತಾಯಿ ಸಂತ ಮೋನಿಕಾ ಅವರಲ್ಲೊಬ್ಬರು. ದಣಿದ ಜನರು ದುಃಖದಿಂದ ಕುಗ್ಗಿಹೋಗಬಾರದೆಂದು ಅಂಬ್ರೋಸರು ಪೂರ್ವದೇಶದ ಸಭೆಗಳ ಪದ್ಧತಿಯಂತೆ ಎಲ್ಲರೂ ಕೂಡಿ ಕೀರ್ತನೆಗಳನ್ನೂ ಗೀತೆಗಳನ್ನೂ ಹಾಡುವ ರೂಢಿಯನ್ನು ತಂದರು. 387ರ ಪಾಸ್ಖದಲ್ಲಿ ದೀಕ್ಷಾಸ್ನಾನ ಪಡೆದ ಅಗಸ್ಟೀನರು ಆ ಹಾಡುಗಳನ್ನು ಕೇಳುತ್ತಾ ಧಾರಾಳವಾಗಿ ಅತ್ತರು. ದನಿಗಳು ಕಿವಿಗೆ ಹರಿದವು, ಸತ್ಯ ಹೃದಯಕ್ಕೆ ಇಳಿಯಿತು, ಅತ್ತದ್ದರಿಂದ ತಮಗೆ ಒಳಿತಾಯಿತು ಎಂಬರ್ಥದಲ್ಲಿ ಅವರು ಬರೆದಿದ್ದಾರೆ.

ಅದೇ ವರ್ಷ ಓಸ್ತಿಯಾ ಬಂದರಿನಲ್ಲಿ ಮೋನಿಕಾ ತೀರಿಕೊಂಡರು. ಮಗ ತನ್ನ ಕೈಯಾರೆ ತಾಯಿಯ ಕಣ್ಣು ಮುಚ್ಚಿದರು. ಆದರೆ ಅಳಲಿಲ್ಲ. ವಿಶ್ವಾಸಿಯ ಮರಣಕ್ಕೆ ಗೋಳಾಡುವುದು ಸಲ್ಲದೆಂದು ಬಿಗಿಹಿಡಿದರು. ಜೋರಾಗಿ ಅತ್ತ ತಮ್ಮ ಹುಡುಗನನ್ನೂ ಸುಮ್ಮನಾಗಿಸಿದರು. ಸಮಾಧಿಗೆ ಹೋಗಿ ಬಂದರೂ ಕಣ್ಣು ಒಣಗಿಯೇ ಇತ್ತು. ಸ್ನಾನ ಮಾಡಿದರು, ನೋವು ತೊಳೆದುಹೋಗಲಿಲ್ಲ. ನಿದ್ದೆ ಮಾಡಿ ಎದ್ದು ಒಬ್ಬರೇ ಹಾಸಿಗೆಯಲ್ಲಿದ್ದಾಗ, ಅಂಬ್ರೋಸರು ರಚಿಸಿದ ಸಂಜೆಯ ಪ್ರಾರ್ಥನಾಗೀತೆಯೊಂದು ನೆನಪಾಯಿತು. ಕಟ್ಟೆಯೊಡೆಯಿತು. ತಾಯಿಗಾಗಿ ದೇವರ ಸನ್ನಿಧಿಯಲ್ಲಿ ಅತ್ತರು. ಗಮನಿಸಿ, ಅದು ಶೋಕಗೀತೆಯೂ ಅಲ್ಲ, ದಿನದ ಕೊನೆಗೆ ಹಾಡುವ ಸ್ತುತಿಗೀತೆ. ಆದರೆ ಅದು ಮಿಲಾನಿನ ಹಾಡು. ತಾಯಿಯೂ ಕಾವಲು ಕುಳಿತು ಕೇಳಿದ್ದ ಅಂಬ್ರೋಸರ ಗೀತೆಗಳಲ್ಲೊಂದು.

ಇದನ್ನು ಓದಿದಾಗ ಗುರುನಿವಾಸಕ್ಕೆ ಬಂದ ಆ ತಾಯಿಯ ಮುಖ ನನ್ನ ಕಣ್ಣ ಮುಂದೆ ಬಂತು. ಮಹಾಜ್ಞಾನಿಯಾದ ಅಗಸ್ಟೀನರೂ ಅವರ ಹಾಗೆಯೇ ಒಣಗಣ್ಣಿನಲ್ಲಿ ಒದ್ದಾಡಿದರು. ಅವರನ್ನು ಬಿಡಿಸಿದ್ದು ತತ್ವಜ್ಞಾನವಲ್ಲ, ಒಂದು ಹಾಡು.

5. ನಿಂತಿದ್ದ ತಾಯಿಯ ಹಾಡು

ಈಗ ಈ ಹಬ್ಬದ ಹಾಡಿಗೆ ಬರೋಣ. ಲತೀನ್ ಭಾಷೆಯ ಈ ಹಾಡಿಗೆ 'ಸ್ತಾಬಾತ್ ಮಾತೆರ್' ಎಂದು ಹೆಸರು. 'ತಾಯಿ ನಿಂತಿದ್ದರು' ಎಂದು ಅದರ ಅರ್ಥ. ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದ 25ನೇ ವಚನವೇ ಇದರ ಬೇರು. ಯೊವಾನ್ನರು ಮರಿಯಮ್ಮನವರು ನಿಂತಿದ್ದರೆಂದು ಬರೆದರೇ ಹೊರತು ಅತ್ತರೆಂದು ಬರೆಯಲಿಲ್ಲ. ಸಂತ ಅಂಬ್ರೋಸರು ಇದನ್ನು ಎತ್ತಿ ತೋರಿಸಿದ್ದಾರೆ. ಶುಭಸಂದೇಶ ಮೌನವಾಗಿದ್ದ ಕಡೆ, ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಈ ಹಾಡು ಆ ತಾಯಿಗೆ ಕಣ್ಣೀರನ್ನು ಕೊಟ್ಟಿತು. ಮಗನನ್ನು ಕಳೆದುಕೊಂಡ ತಾಯಿ ಹೇಗಿರುತ್ತಾಳೆಂದು ಜನರಿಗೆ ಗೊತ್ತಿತ್ತು.

ಇದು ಹದಿಮೂರನೇ ಶತಮಾನದ ಹಾಡು. ಇಟಲಿಯ ತೋದಿ ಊರಿನ ಫ್ರಾನ್ಸಿಸ್ಕನ್ ಸಹೋದರ ಯಾಕೊಪೋನೆ ಇದರ ಕರ್ತೃವೆಂದು ಹಲವರ ನಂಬಿಕೆ, ಬೇರೆ ಹೆಸರುಗಳನ್ನು ಹೇಳುವವರೂ ಇದ್ದಾರೆ. ಯಾಕೊಪೋನೆ ವಕೀಲರಾಗಿದ್ದವರು. ಉತ್ಸವವೊಂದರಲ್ಲಿ ವೇದಿಕೆ ಕುಸಿದು ಹೆಂಡತಿ ಸತ್ತ ಮೇಲೆ ಎಲ್ಲವನ್ನೂ ತೊರೆದರೆಂದು ಪರಂಪರೆ ಹೇಳುತ್ತದೆ. ಅವರು ನಿಧನರಾದದ್ದು 1306ರಲ್ಲಿ.

ಹಾಡಿನಲ್ಲಿ ಮೂರು ಮೂರು ಸಾಲಿನ 20 ನುಡಿಗಳಿವೆ. ಮೊದಲ ನುಡಿಗಳು ನಮ್ಮನ್ನು ದೂರ ನಿಲ್ಲಿಸಿ ದೃಶ್ಯವನ್ನು ತೋರಿಸುತ್ತವೆ: ಶಿಲುಬೆ, ಮಗ, ತಾಯಿ. ಆಮೇಲೆ, ಇದನ್ನು ಕಂಡು ಅಳದಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತವೆ. ಒಂಬತ್ತನೇ ನುಡಿಯಲ್ಲಿ ಹಾಡು ತಿರುವು ಪಡೆಯುತ್ತದೆ. ಅಲ್ಲಿಂದ ಮುಂದೆ ಹಾಡುವವರು ನೇರವಾಗಿ ತಾಯಿಯೊಂದಿಗೆ ಮಾತನಾಡುತ್ತಾರೆ: ನಿನ್ನ ನೋವನ್ನು ನನಗೂ ಕೊಡು, ನಿನ್ನ ಪಕ್ಕದಲ್ಲಿ ನಿಲ್ಲಲು ನನಗೂ ಜಾಗ ಕೊಡು. ಕೊನೆಯ ನುಡಿ ಸ್ವರ್ಗದ ಬೇಡಿಕೆಯೊಂದಿಗೆ ಮುಗಿಯುತ್ತದೆ. ನೋಡುವುದು, ಕರಗುವುದು, ಪಕ್ಕದಲ್ಲಿ ನಿಲ್ಲುವುದು, ಭರವಸೆಗೆ ಬರುವುದು: ಹಾಡು ನಮ್ಮನ್ನು ಕರೆದುಕೊಂಡು ಹೋಗುವ ದಾರಿ ಇದು. ಅಗಸ್ಟೀನರ ನಾಟಕದ ಪ್ರೇಕ್ಷಕ ಎರಡನೆಯ ಹೆಜ್ಜೆಯಲ್ಲೇ ನಿಂತುಬಿಟ್ಟಿದ್ದ.

ಈ ಹಾಡನ್ನು ಮೊದಲು ಜನರು ಪ್ರೀತಿಸಿದರು, ಪೂಜಾಗ್ರಂಥ ಆಮೇಲೆ ಒಪ್ಪಿಕೊಂಡಿತು. 1570ರ ಪೂಜಾಗ್ರಂಥದಲ್ಲಿ ಇಂಥ ವಿಶೇಷ ಗೀತೆಗಳು ನಾಲ್ಕೇ ಉಳಿದವು, ಇದು ಅವುಗಳಲ್ಲಿ ಇರಲಿಲ್ಲ. 1727ರಲ್ಲಿ ಜಗದ್ಗುರು 13ನೇ ಬೆನೆಡಿಕ್ಟರು ಮಾತೆಯ ಏಳು ವ್ಯಾಕುಲಗಳ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದಾಗ ಈ ಹಾಡೂ ಪೂಜೆಗೆ ಬಂದಿತು. 1913ರಲ್ಲಿ ಸಂತ 10ನೇ ಪಯಸ್ ಜಗದ್ಗುರುಗಳು ಹಬ್ಬಕ್ಕೆ ಸೆಪ್ಟೆಂಬರ್ 15ರ ದಿನವನ್ನು ನಿಗದಿಪಡಿಸಿದರು. ಜಗತ್ತಿನ ಅನೇಕ ಕಡೆ ಶಿಲುಬೆಯ ಹಾದಿಯಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗುವಾಗ ಇದರ ಒಂದೊಂದು ನುಡಿಯನ್ನು ಹಾಡುತ್ತಾರೆ.

ಇದಕ್ಕೆ ರಾಗ ಹಾಕಿದವರಲ್ಲಿ ಇಬ್ಬರ ಕಥೆ ಹೇಳಲೇಬೇಕು. ಇಟಲಿಯ ಪೆರ್ಗೊಲೇಸಿ ಕ್ಷಯರೋಗದಿಂದ ಬಳಲುತ್ತಾ, ನೇಪಲ್ಸ್ ಹತ್ತಿರದ ಪೊತ್ಸುವೊಲಿಯ ಫ್ರಾನ್ಸಿಸ್ಕನ್ ಮಠದಲ್ಲಿ ತಮ್ಮ ಕೊನೆಯ ದಿನಗಳನ್ನು ಕಳೆದರು. ಎರಡು ಕಂಠಗಳಿಗಾಗಿ ಅವರು ಈ ಹಾಡನ್ನು ಸ್ವರಕ್ಕೆ ಅಳವಡಿಸಿದ್ದು ಆ ಹೊತ್ತಿನಲ್ಲಿಯೇ. 1736ರ ಮಾರ್ಚಿಯಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 26 ವರ್ಷ. ಆರಂಭದಲ್ಲೇ ಎರಡು ದನಿಗಳು ಒಂದರ ಮೇಲೊಂದು ಒರಗಿ, ತಡೆದು, ಇಳಿಯುತ್ತವೆ. ನಾನು ಮೇಲೆ ಹೇಳಿದ ವಿನ್ಯಾಸ ಅಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಕೆಲವೇ ವರ್ಷಗಳಲ್ಲಿ ಲೂಥರನ್ ಸಭೆಯ ಮಹಾಸಂಗೀತಗಾರ ಬಾಖ್ ಅದೇ ಸಂಗೀತವನ್ನು 51ನೇ ಕೀರ್ತನೆಯ ಪಶ್ಚಾತ್ತಾಪದ ಪದಗಳಿಗೆ ಹೊಂದಿಸಿಕೊಂಡರು. ಸಭೆಗಳು ಬೇರೆಯಾಗಿದ್ದರೂ ಕಣ್ಣೀರು ಒಂದೇ ಆಗಿತ್ತು.

ಇನ್ನೊಬ್ಬರು ಚೆಕ್ ನಾಡಿನ ಆಂಟನಿನ್ ದ್ವೊರ್ಜಾಕ್. 1875ರ ಆಗಸ್ಟಿನಲ್ಲಿ ಅವರ ಹಸುಗೂಸು ಹುಟ್ಟಿದ ಎರಡೇ ದಿನಕ್ಕೆ ತೀರಿಹೋಯಿತು. ಮರುವರ್ಷ ಅವರು ಈ ಹಾಡಿಗೆ ಸಂಗೀತ ಬರೆಯತೊಡಗಿ, ಕರಡು ಮುಗಿಸಿ ಪಕ್ಕಕ್ಕಿಟ್ಟರು. 1877ರ ಆಗಸ್ಟಿನಲ್ಲಿ ಅವರ ಪುಟ್ಟ ಮಗಳು ರಂಜಕದ ವಿಷದಿಂದ ಸತ್ತಳು. ಮುಂದಿನ ತಿಂಗಳು ಮೂರು ವರ್ಷದ ಮಗ ಸಿಡುಬಿನಿಂದ ಸತ್ತ. ಮನೆಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಆ ತಂದೆ ಮತ್ತೆ ಕರಡನ್ನು ಕೈಗೆತ್ತಿಕೊಂಡು ಅದೇ ನವೆಂಬರಿನಲ್ಲಿ ಅದನ್ನು ಪೂರ್ಣಗೊಳಿಸಿದರು. 1880ರ ಡಿಸೆಂಬರ್ 23ರಂದು ಪ್ರಾಗ್ ನಗರದಲ್ಲಿ ಅದನ್ನು ಮೊದಲ ಬಾರಿಗೆ ಹಾಡಲಾಯಿತು. ದುಃಖದ ಸ್ವರಗಳಲ್ಲಿ ತೊಡಗುವ ಆ ದೀರ್ಘ ಕೃತಿ ಕೊನೆಯ ಆಮೆನ್‌ಗೆ ಬರುವಾಗ ಬೆಳಕಿನ ಸ್ವರಗಳಿಗೆ ಹೊರಳುತ್ತದೆ. ಮೂವರು ಮಕ್ಕಳನ್ನು ಮಣ್ಣಿಗಿಟ್ಟ ತಂದೆ ಬರೆದ ಆಮೆನ್ ಅದು. ಆ ಆಮೆನ್‌ಗೆ ಬರುವ ಮುನ್ನ ಅವರು ಅಳುವಿನ ಒಂದು ನುಡಿಯನ್ನೂ ಬಿಡಲಿಲ್ಲ. ಹಾಗಾಗಿಯೇ ಅದು ನಮಗೆ ನಂಬಲರ್ಹವಾಗಿದೆ.

6. ನಾವು ಮಾಡಬೇಕಾದದ್ದೇನು?

ಪ್ರಿಯರೇ, ಇಷ್ಟನ್ನೂ ತಿಳಿದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ, ಮನೆಗಳಲ್ಲಿ ನಾವು ಏನು ಮಾಡಬಹುದು?

ಮೊದಲನೆಯದಾಗಿ, ಅಳುವವರನ್ನು ಅಳಲು ಬಿಡೋಣ. ಸಾವಿನ ಮನೆಯಲ್ಲಿ "ಅಳಬೇಡಿ, ಧೈರ್ಯ ತಂದುಕೊಳ್ಳಿ" ಎಂದು ಅವಸರಪಡಿಸುವುದು ಬೇಡ. ಸಂತ ಪೌಲರು ತೆಸಲೋನಿಕದವರಿಗೆ ಬರೆಯುವಾಗ ದುಃಖಪಡಲೇಬೇಡಿರೆಂದು ಹೇಳಲಿಲ್ಲ. ನಂಬಿಕೆಗೆ ಆಧಾರವಿಲ್ಲದವರ ಹಾಗೆ ದುಃಖಪಡಬೇಡಿರೆಂದರು (1 ತೆಸಲೋನಿಕ 4:13). ಇವೆರಡಕ್ಕೂ ಬಹಳ ಅಂತರವಿದೆ.

ಎರಡನೆಯದಾಗಿ, ಗಾನವೃಂದದವರಿಗೆ ಒಂದು ಮಾತು. ಅಂತ್ಯಕ್ರಿಯೆಯ ಪೂಜೆಯಲ್ಲಿ ಭರವಸೆಯ ಹಾಡೂ ಇರಲಿ, ಮೊರೆಯ ಹಾಡೂ ಇರಲಿ. ಮೊದಲು ಮೊರೆ, ಆಮೇಲೆ ಭರವಸೆ. ಕೀರ್ತನೆಗಳು ತೋರಿಸುವ ಕ್ರಮ ಹೆಚ್ಚಾಗಿ ಇದೇ. ಆದರೆ ಜನರನ್ನು ಅಳಿಸಲೆಂದೇ ಹಾಡಬೇಡಿ. ಧ್ವನಿವರ್ಧಕವನ್ನು ಜೋರು ಮಾಡಿ, ಸ್ವರವನ್ನು ಎಳೆದೆಳೆದು ಹಾಡಿದರೆ ಅದು ಪ್ರದರ್ಶನವಾಗುತ್ತದೆ. ಸಂತ ಅಗಸ್ಟೀನರಿಗೂ ಈ ಅಳುಕು ಇತ್ತು. ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ನನ್ನನ್ನು ಹೆಚ್ಚು ಸೆಳೆದರೆ ನಾನು ತಪ್ಪಿದೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಜನರಿಗೆ ಬಾಯಿಪಾಠವಾಗಿರುವ ಹಳೆಯ ಹಾಡನ್ನು ಸರಳವಾಗಿ ಹಾಡಿ. ಉಳಿದ ಕೆಲಸವನ್ನು ಅವರವರ ನೆನಪೇ ಮಾಡುತ್ತದೆ.

ಮೂರನೆಯದಾಗಿ, ಕಣ್ಣೀರು ಎಲ್ಲಿಗೆ ಹರಿಯುತ್ತದೆಂದು ನೋಡಿಕೊಳ್ಳೋಣ. ಶಿಲುಬೆ ಹೊತ್ತು ಸಾಗುತ್ತಿದ್ದ ಪ್ರಭು, ತಮಗಾಗಿ ಅಳುತ್ತಿದ್ದ ಜೆರುಸಲೇಮಿನ ಮಹಿಳೆಯರ ಕಡೆ ತಿರುಗಿ, ನಿಮಗಾಗಿಯೂ ನಿಮ್ಮ ಮಕ್ಕಳಿಗಾಗಿಯೂ ಅಳಿರಿ ಎಂದರು (ಲೂಕ 23:28). ಶುಭ ಶುಕ್ರವಾರದ ಹಾಡಿಗೆ ಅತ್ತವನು ಮನೆಗೆ ಹೋಗಿ ವಯಸ್ಸಾದ ತಾಯಿಯ ಮೇಲೆ ರೇಗಿದರೆ, ಅವನು ಅತ್ತದ್ದು ನಾಟಕಕ್ಕೆ. ಅತ್ತವನು ಎದ್ದು ಹೋಗಿ ಮಾತು ಬಿಟ್ಟ ತಮ್ಮನ ಮನೆಯ ಬಾಗಿಲು ತಟ್ಟಿದರೆ, ಅವನು ಅತ್ತದ್ದು ಶಿಲುಬೆಯ ಬುಡದಲ್ಲಿ.

ಕೊನೆಯದಾಗಿ ಆ ತಾಯಿಯ ವಿಷಯ. ಮುಂದಿನ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಯ ಹಾದಿ ನಡೆಯುತ್ತಿತ್ತು. ನಾಲ್ಕನೆಯ ಸ್ಥಳ, ಯೇಸು ತಮ್ಮ ತಾಯಿಯನ್ನು ಸಂಧಿಸುವುದು. ಅಲ್ಲಿಂದ ಸಾಗುವಾಗ ಜನರು ಹಾಡಿದ್ದು ಎಲ್ಲರಿಗೂ ಗೊತ್ತಿದ್ದ ಹಳೆಯ ಹಾಡು. ಹಿಂದಿನ ಸಾಲಿನಿಂದ ಒಂದು ದೊಡ್ಡ ಅಳು ಕೇಳಿಸಿತು. ನಾನು ತಿರುಗಿ ನೋಡಿದೆ. ಆ ತಾಯಿ ಬೆಂಚು ಹಿಡಿದು ನಿಂತಿದ್ದರು. ಪಕ್ಕದಲ್ಲಿದ್ದ ಹೆಂಗಸು ಅವರ ಹೆಗಲು ಬಳಸಿ ಹಿಡಿದು ಹಾಡುತ್ತಲೇ ಇದ್ದರು. ನಾವೂ ಹಾಡು ನಿಲ್ಲಿಸಲಿಲ್ಲ.

ನಾನು ಆ ಧರ್ಮಕೇಂದ್ರವನ್ನು ಬಿಡುವವರೆಗೂ, ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಆ ತಾಯಿ ಮೊದಲು ಅಲ್ಲಿರುತ್ತಿದ್ದರು. ಹೆಚ್ಚು ಮಾತನಾಡುತ್ತಿರಲಿಲ್ಲ. ಗಂಜಿ ಕಾಯಿಸಿ ಕೊಡುತ್ತಿದ್ದರು, ಅಳುವವರ ಪಕ್ಕದಲ್ಲಿ ಕೂರುತ್ತಿದ್ದರು. ಒಮ್ಮೆ ನಾನು "ಅಮ್ಮ, ನಿಮಗೆ ಕಷ್ಟ ಆಗೋದಿಲ್ವಾ?" ಎಂದು ಕೇಳಿದೆ. "ಆಗುತ್ತೆ ಸ್ವಾಮಿ. ಆದರೆ ಅವರು ಒಬ್ಬರೇ ಅಳಬಾರದಲ್ಲ" ಎಂದರು.

ವ್ಯಾಕುಲಮಾತೆಯ ಹಬ್ಬದ ಪೂರ್ಣ ಅರ್ಥ ಆ ಮಾತಿನಲ್ಲಿದೆ. ಮಾತೆ ಮರಿಯಮ್ಮನವರು ಶಿಲುಬೆಯನ್ನು ಇಳಿಸಲಾರದೆ ಹೋದರು, ಮೊಳೆಗಳನ್ನು ಕೀಳಲಾರದೆ ಹೋದರು. ಅವರು ಪಕ್ಕದಲ್ಲಿ ನಿಂತರು. ಅಳುವ ಹಾಡು ನಮಗೆ ಕಲಿಸುವುದೂ ಅದನ್ನೇ.

ಓ ವ್ಯಾಕುಲಮಾತೆಯೇ, ಒಣಗಿದ ನಮ್ಮ ಕಣ್ಣುಗಳಿಗೆ ಕಣ್ಣೀರನ್ನೂ, ಅಳುವ ಕಣ್ಣುಗಳಿಗೆ ಒರೆಸುವ ಕೈಗಳನ್ನೂ ನಿಮ್ಮ ಪುತ್ರನಿಂದ ಬೇಡಿಕೊಡಿರಿ. ಆಮೆನ್.